ವಿನೋದಕ್ಕನ ಕುಡಿಕೆ

ಆ ವರ್ಷದ ಮಳೆಗಾಲದಲ್ಲಿ ಸರ್ವೋತ್ತಮ ಆಚಾರಿ ಒಂದು ತೀರ್ಮಾನಕ್ಕೆ ಬಂದಿದ್ದ. ಇನ್ನು ಮುಂದೆ ಬದುಕಿರುವ ಮನುಷ್ಯರಿಗೆ ಅವರವರ ಬೂದಿ ಕುಡಿಕೆ ಮಾಡಿಕೊಡಬಾರದು. ಸತ್ತವರಾದರೆ ಕೊಟ್ಟದ್ದರೊಳಗೆ ಸುಮ್ಮನೆ ಕೂರುತ್ತಾರೆ. ಬದುಕಿರುವವರು ಮಂಗಳವಾರಕ್ಕೊಮ್ಮೆ ಬಂದು ಬಣ್ಣ ಬದಲಿಸಿ ಎನ್ನುತ್ತಾರೆ.

ಈ ಮಂಗಳವಾರವೂ ವಿನೋದಕ್ಕ ಬಂದಿದ್ದರು. ಥಾಣೆಯ ವಾಗ್ಳೆ ಎಸ್ಟೇಟಿನ ಒಳರಸ್ತೆಯಲ್ಲಿ ಒಂದು ತಗಡಿನ ಡಬ್ಬದ ಕಾರ್ಖಾನೆಗೂ ಒಂದು ಟಯರ್ ಗೋದಾಮಿಗೂ ನಡುವೆ ಸಿಕ್ಕಿಕೊಂಡಂತಿರುವ ಸರ್ವೋತ್ತಮನ ಗಾಳಾದ, ಅಂದರೆ ತಗಡು ಮಾಡಿನ ಸಣ್ಣ ಕಾರ್ಯಾಗಾರದ, ಮುಂದೆ ರಿಕ್ಷಾ ಇಳಿದರು. ಕೊಡೆ ಮಡಚಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ಎರಡು ನಿಮಿಷ ಉಸಿರು ಎಳೆದುಕೊಂಡರು. ಆಮೇಲೆ ಒಳಗೆ ಬಂದು, ಅವನೇ ಕಡೆದ ಮೂರು ಕಾಲಿನ ಸ್ಟೂಲಿನ ಮೇಲೆ ಕೂತರು. ಅರವತ್ತೊಂಬತ್ತು ವರ್ಷ, ಹತ್ತಿಯಂಥ ಬಿಳಿ ಕೂದಲು. ಮಾಜಿವಾಡಾದಲ್ಲಿ ಹೋಟೆಲಿರುವ ಶೆಟ್ಟರ ಮನೆಯ ಹಿರಿಯ ಹೆಂಗಸು. ಮಾತಾಡಿದರೆ ಈಗಲೂ ಅಡುಗೆಮನೆಯಿಂದ ಗಲ್ಲಾದವರೆಗೆ ಕೇಳುವ ಧ್ವನಿ.

"ತೋರಿಸಿ ಆಚಾರ್ರೇ."

ಸರ್ವೋತ್ತಮ ಪೇಪರು ಬಿಚ್ಚಿ ಕುಡಿಕೆಯನ್ನು ಅವರ ಕೈಗೆ ಕೊಟ್ಟ. ಹಳೆಯ ತೊಲೆಯ ಹಲಸಿನ ಮರ, ಜೇನಿನಂಥ ಹಳದಿ. ಹೊಟ್ಟೆಯ ಸುತ್ತ ಮೂರು ಪಟ್ಟಿ ಕೆಂಪು ಅರಗು. ಪಟ್ಟಿಯ ಎರಡೂ ಬದಿಗೆ, ತಿರುಗುವ ಮರಕ್ಕೆ ತಂತಿ ಒತ್ತಿ ಸುಟ್ಟ ಕೂದಲಿನಷ್ಟು ತೆಳು ಕಪ್ಪು ಗೆರೆ. ಮುಚ್ಚಳದ ಮೇಲೆ ತಾವರೆ ಮೊಗ್ಗಿನಂಥ ಹಿಡಿ. ವಿನೋದಕ್ಕ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಲಾಯ್ಕ ಆಗಿದೆ."

ಅವರು ಲಾಯ್ಕ ಎಂದರೆ ಹಿಂದೆಯೇ ಒಂದು 'ಆದ್ರೆ' ಬರುವುದು ಸರ್ವೋತ್ತಮನಿಗೆ ಗೊತ್ತಾಗಿಹೋಗಿತ್ತು.

"ಆದ್ರೆ ಈ ಕೆಂಪು ಉಂಟಲ್ಲ..."

"ಕೆಂಪು ನೀವೇ ಹೇಳಿದ್ದು ವಿನೋದಕ್ಕ. ಹೋದ ಮಂಗಳವಾರ. ಅದಕ್ಕೆ ಮೊದಲು ಹಳದಿ. ಅದಕ್ಕೂ ಮೊದಲು ಬಣ್ಣವೇ ಬೇಡ, ಮರದ ಬಣ್ಣ ಸಾಕು ಅಂದದ್ದೂ ನೀವೇ."

"ಹೇಳಿದ್ದೆ, ಇಲ್ಲ ಅಂತ ಹೇಳುವುದಿಲ್ಲ. ಈಗ ನೋಡ್ವಾಗ ಗ್ಯಾಸ್ ಸಿಲಿಂಡರ್ ಹಾಗೆ ಕಾಣ್ತದೆ. ನನ್ನನ್ನು ಗ್ಯಾಸ್ ಏಜೆನ್ಸಿಗೆ ಕಳಿಸ್ತೀರಾ?"

"ಮತ್ತೆ ಎಂತ ಬಣ್ಣ ಮಾಡುವಾ?"

"ನೇರಳೆ. ನನ್ನ ಮದುವೆ ಸೀರೆಯ ಅಂಚಿನ ನೇರಳೆ."

"ಆ ಸೀರೆ ನಾನು ಎಲ್ಲಿ ನೋಡಿದ್ದೇನೆ?"

"ಬರುವ ಮಂಗಳವಾರ ತರ್ತೇನೆ," ಎಂದು ವಿನೋದಕ್ಕ ಕುಡಿಕೆಯನ್ನು ಅವನ ಕೈಗಿಟ್ಟು ಎದ್ದರು. "ಅವಸರ ಮಾಡ್ಬೇಡಿ. ಅವಸರದ ಕೆಲಸ ನನಗೆ ಆಗುವುದಿಲ್ಲ."

ಇದು ಎರಡನೆಯ ಕುಡಿಕೆ. ಮೊದಲನೆಯದನ್ನು ಜೂನ್ ತಿಂಗಳಲ್ಲೇ ಮಾಡಿದ್ದ. ಕುತ್ತಿಗೆ ದಪ್ಪವಾಯಿತು, ಪೂವಪ್ಪ ಪೈಲ್ವಾನನ ಕುತ್ತಿಗೆಯ ಹಾಗಿದೆ ಎಂದರು. ಊರಲ್ಲಿ ಅವರ ಬಾಲ್ಯಕಾಲದಲ್ಲಿ ಅಂಥವನೊಬ್ಬ ಇದ್ದನಂತೆ. ಸಪೂರ ಮಾಡಿ, ಇನ್ನೂ ಸಪೂರ ಮಾಡಿ ಎಂದು ಎದುರಿಗೇ ಕೂತು ಹೇಳುತ್ತಾ ಹೋದರು. ಅವನು ಉಳಿ ಹಿಡಿಯುತ್ತಾ ಹೋದ. ಕೊನೆಗೆ ಉಳಿಯ ತುದಿ ಕುತ್ತಿಗೆ ತೂರಿ ಒಳಗೆ ಹೋಯಿತು, ತಲೆ ಒಂದು ಕಡೆ ಹಾರಿತು, ಹೊಟ್ಟೆ ಲೇತಿನಲ್ಲೇ ಗರಗರ ತಿರುಗುತ್ತಾ ಉಳಿಯಿತು. "ನೋಡಿ, ನಿಮಗೆ ಅವಸರ," ಎಂದು ವಿನೋದಕ್ಕ ಅವನನ್ನೇ ಬೈದಿದ್ದರು.

ಸರ್ವೋತ್ತಮನದು ಇಪ್ಪತ್ತೆಂಟು ವರ್ಷದ ಕಸುಬು. ಕಾರ್ಕಳದ ಕಡೆಯಿಂದ ಬಂದವನು. ಅಪ್ಪ ಉಳಿ ಹಿಡಿಯುತ್ತಿದ್ದರೆ ಅಮ್ಮ ಹಗ್ಗ ಎಳೆದು ತಿರುಗಿಸುವ ಕಾಲದ ಲೇತು ನೋಡಿ ಬೆಳೆದವನು. ಇಲ್ಲಿ ಮೋಟಾರಿನ ಲೇತು. ಮೆಟ್ಟಿಲ ಕಟಕಟೆಯ ಕಂಬ, ಮಂಚದ ಕಾಲು, ಲಟ್ಟಣಿಗೆ, ದೇವರ ಮಂಟಪದ ಗೋಪುರ, ಏನು ಹೇಳಿದರೂ ಕಡೆದು ಕೊಡುತ್ತಿದ್ದ. ಥಾಣೆಯಿಂದ ಕಲ್ಯಾಣದವರೆಗೆ ಎಷ್ಟೋ ಮನೆಗಳಲ್ಲಿ ಜನ ಅವನು ಕಡೆದ ಕಟಕಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಬೂದಿ ಕುಡಿಕೆ ಮಾತ್ರ ಯಾರೂ ಕೇಳಿರಲಿಲ್ಲ. ಅದಕ್ಕೆ ಮಣ್ಣಿನದು ಇದೆ, ಒಂದು ಕೆಂಪು ಬಟ್ಟೆ ಇದೆ, ಮುಗಿಯಿತು.

ವಿನೋದಕ್ಕನಿಗೆ ಮುಗಿದಿರಲಿಲ್ಲ. ಅವರ ಗಂಡ ಜಯಶೀಲ ಶೆಟ್ಟರು ತೀರಿಕೊಂಡು ಮೂರು ವರ್ಷವಾಗಿತ್ತು. ಮೂಳೆ ಆಯ್ದು ತರುವ ದಿನ ಮಣ್ಣಿನ ಕುಡಿಕೆ ಸ್ಮಶಾನದ ಕಟ್ಟೆಯ ಮೇಲೆ ಮಗ ಕೀರ್ತನನ ಕೈಜಾರಿ ಒಡೆಯಿತು. ಬೂದಿ ಬಿಡಲು ನಾಸಿಕಕ್ಕೆ ಹೊರಡುವ ಅವಸರ. ಕಾರಿನ ಡಿಕ್ಕಿಯಲ್ಲಿದ್ದದ್ದು ಹೋಟೆಲಿನ ಒಂದು ಪ್ಲಾಸ್ಟಿಕ್ ಬಾಲ್ದಿ. ತೊಳೆದದ್ದೇ, ಚೊಕ್ಕದ್ದೇ. ಆದರೆ ಮುಚ್ಚಳದ ಮೇಲೆ ಯಾರೋ ವೇಟರು ದಪ್ಪ ಪೆನ್ನಿನಲ್ಲಿ 'ಗ್ರೀನ್ ಚಟ್ನಿ' ಎಂದು ಬರೆದಿದ್ದ. ಅದು ಉಜ್ಜಿದರೂ ಹೋಗಿರಲಿಲ್ಲ.

"ಮೂವತ್ತೈದು ವರ್ಷ ಗಲ್ಲಾದಲ್ಲಿ ಕೂತ ಮನುಷ್ಯ ಆಚಾರ್ರೇ," ಎಂದು ಮೊದಲ ದಿನವೇ ವಿನೋದಕ್ಕ ಹೇಳಿದ್ದರು. "ಇಸ್ತ್ರಿ ಇಲ್ಲದ ಅಂಗಿ ಹಾಕಿದವರಲ್ಲ. ಗ್ರೀನ್ ಚಟ್ನಿ ಆಗಿ ಹೋದರು. ನನ್ನದು ನಾನೇ ನೋಡಿಕೊಳ್ತೇನೆ."

ಅದನ್ನು ಕೇಳಿ ಸರ್ವೋತ್ತಮ ಕರಗಿಹೋಗಿದ್ದ. ಆ ಕರಗಿದ್ದಕ್ಕೆ ಈಗ ಅನುಭವಿಸುತ್ತಿದ್ದ.

ಮರುದಿನ ಬೆಳಿಗ್ಗೆ ಕೀರ್ತನನೇ ಗಾಳಾಕ್ಕೆ ಬಂದ. ಮೂವತ್ತೆಂಟರ ಗಂಡಸು, ಇಲ್ಲೇ ಹುಟ್ಟಿದವನು. ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿ ಬೆರೆಸಿ ಉತ್ತರ ಕೊಡುವವನು. ಹೆಲ್ಮೆಟ್ಟಿನಿಂದ ನೀರು ಸುರಿಯುತ್ತಿತ್ತು.

"ಅಂಕಲ್, ಹಾಥ್ ಜೋಡ್ತಾ ಹೂಂ. ಆ ಮಟ್ಕಾ, ಕುಡಿಕೆ, ಕಬ್ ರೆಡಿ ಹೋಗಾ?"

"ನನ್ನನ್ನು ಕೇಳ್ತೀಯಾ? ನಿನ್ನ ಅಮ್ಮನನ್ನು ಕೇಳು. ನಿನ್ನೆ ಮತ್ತೆ ಬಣ್ಣ ಬದಲು."

ಕೀರ್ತನ ಮರದ ಹೊಟ್ಟಿನ ಚೀಲದ ಮೇಲೆ ಕುಸಿದು ಕೂತ. "ಅಂಕಲ್, ಮಮ್ಮಿಯ ಹಾರ್ಟ್ ವಾಲ್ವ್ ಖರಾಬ್ ಆಗಿದೆ. ಡಾಕ್ಟರ್ ಮೇ ತಿಂಗಳಲ್ಲೇ ಆಪರೇಷನ್ ಬೋಲಾ. ಎರಡು ಸಲ ಡೇಟ್ ತಗೊಂಡೆ. ಎರಡು ಸಲಾನೂ ಕ್ಯಾನ್ಸಲ್. ನನ್ನ ಕುಡಿಕೆ ರೆಡಿ ಆಗಿಲ್ಲ, ಆಗದೆ ನಾನು ಟೇಬಲ್ ಮೇಲೆ ಮಲಗೋದಿಲ್ಲ ಅಂತ ಡಾಕ್ಟರ್‌ಗೆ ಹೇಳಿದ್ಲು. ಡಾಕ್ಟರ್ ನನ್ನ ಮುಖ ನೋಡ್ತಾನೆ. ಮೈ ಕ್ಯಾ ಬೋಲೂಂ? ಚಟ್ನಿ ಬಾಲ್ದಿಯ ಕಥೆ ಹೇಳ್ಲಾ?"

ಸರ್ವೋತ್ತಮ ಲೇತು ಬಂದ್ ಮಾಡಿದ. ವಿನೋದಕ್ಕ ಬಾಗಿಲ ಚೌಕಟ್ಟು ಹಿಡಿದು ಎರಡು ನಿಮಿಷ ನಿಲ್ಲುತ್ತಿದ್ದದ್ದು ಈಗ ಅವನಿಗೆ ಅರ್ಥವಾಯಿತು.

"ಇನ್ನೆಷ್ಟು ದಿನ ತಡೆಯಬಹುದಂತೆ?"

"ಇನ್ನು ತಡೆಯೋ ಹಾಗೇ ಇಲ್ಲ. ಬರುವ ಸೋಮವಾರ ಅಡ್ಮಿಟ್. ಇದು ಲಾಸ್ಟ್."

"ಸೀರೆ ಮನೆಯಲ್ಲಿ ಉಂಟಾ?"

"ಯಾವ ಸೀರೆ?"

"ಮದುವೆಯದ್ದು. ಅಂಚಿನ ಫೋಟೋ ತೆಗೆದು ಕಳಿಸು. ಭಾನುವಾರ ನಾನೇ ತಂದು ಅವರ ಕೈಗೆ ಕೊಡ್ತೇನೆ. ಮಂಗಳವಾರ ಬರ್ಲಿಕ್ಕೆ ಬಿಡುವುದೇ ಬೇಡ."

ಫೋಟೋ ಬಂತು. ಮೊಬೈಲಿನ ಸಣ್ಣ ಪರದೆಯಲ್ಲಿ ಅದು ನೇರಳೆಯೂ ಅಲ್ಲ, ಬದನೆಯೂ ಅಲ್ಲ, ಇವೆರಡರ ಜಗಳದ ಹಾಗಿತ್ತು. ಚನ್ನಪಟ್ಟಣದಿಂದ ಪಾರ್ಸೆಲಿನಲ್ಲಿ ಬರುವ ಅರಗಿನ ಕಡ್ಡಿಗಳಲ್ಲಿ ಆ ಬಣ್ಣ ಇರಲಿಲ್ಲ. ಕೆಂಪು ಮತ್ತು ನೀಲಿ ಕಡ್ಡಿಗಳನ್ನು ಸ್ಟವ್‌ನ ಬಿಸಿಗೆ ಹಿಡಿದು, ಮೆತ್ತಗಾದದ್ದನ್ನು ಹಿಟ್ಟು ನಾದುವ ಹಾಗೆ ನಾದಿ, ಎಳೆದು, ಮಡಚಿ, ಮತ್ತೆ ಎಳೆದು ಬಣ್ಣ ಕೂಡಿಸಿದ. ಎರಡು ಬೆರಳು ಸುಟ್ಟುಕೊಂಡ. ಸುಟ್ಟಾಗಲೆಲ್ಲ ವಿನೋದಕ್ಕನ ಮದುವೆಗೆ ಆ ಸೀರೆ ಆರಿಸಿದ ಪುಣ್ಯಾತ್ಮನನ್ನು ನೆನೆದ.

ಕುಡಿಕೆಯನ್ನು ಲೇತಿಗೆ ಕೂರಿಸಿ ಕೆಂಪನ್ನು ಕೆರೆದು ತೆಗೆದ. ಹಲಸಿನ ಹಳದಿ ಮತ್ತೆ ಹೊರಬಂತು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಅಂಟುತ್ತದೆ. ಹೆಚ್ಚು ಒತ್ತಿದರೆ ಗುಳ್ಳೆ, ಕಡಿಮೆ ಒತ್ತಿದರೆ ಗೀರು. ಎಷ್ಟು ಒತ್ತಬೇಕೆಂದು ಯಾರೂ ಹೇಳಿಕೊಡಲಾರರು, ಕೈಗೇ ತಿಳಿಯಬೇಕು. ಕೊನೆಗೆ ಹೊಳಪು ಕೊಡಲು ಕೇದಗೆಯ ಎಲೆ ಬೇಕು. ಅದಕ್ಕಾಗಿ ತಾನಿರುವ ಕಳವಾ ಊರಿನ ಖಾಡಿಯ, ಅಂದರೆ ಉಪ್ಪುನೀರಿನ ಹೊಳೆಯ, ಅಂಚಿಗೆ ಮಳೆಯಲ್ಲೇ ಇಳಿದು, ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು, ಮುಳ್ಳು ಗೀರಿಸಿಕೊಂಡು ನಾಲ್ಕು ಎಲೆ ಕೊಯ್ದು ತಂದಿದ್ದ. ಮುಳ್ಳು ಸೀಳಿ ತೆಗೆದ ಎಲೆಯನ್ನು ಮಡಚಿ ತಿರುಗುವ ಪಟ್ಟಿಗೆ ಒತ್ತಿದಾಗ ನೇರಳೆ ಬಣ್ಣ ಒಮ್ಮೆಗೇ ಕಣ್ಣು ಬಿಟ್ಟಂತೆ ಹೊಳೆಯಿತು. ಮುಚ್ಚಳವನ್ನು ಬಾಯಿಗೆ ಕೂರಿಸಿ ಎತ್ತಿದ. 'ಪೊಕ್' ಎಂದಿತು. ಶುಕ್ರವಾರ ಸಂಜೆ ನಾಲ್ಕು ಗಂಟೆ. ಹೊರಗೆ ಮಳೆ, ಒಳಗೆ ಸರ್ವೋತ್ತಮ ಒಬ್ಬನೇ ನಿಂತು, ಯಾರೂ 'ಆದ್ರೆ' ಎನ್ನದಿರುವ ಸುಖವನ್ನು ಐದು ನಿಮಿಷ ಅನುಭವಿಸಿದ.

ಗಾಳಾದ ತಗಡು ಸೋರುತ್ತಿತ್ತು. ಎಲ್ಲಿಟ್ಟರೂ ಹನಿ ಬೀಳುತ್ತದೆ. ಅದಕ್ಕೆ ಕುಡಿಕೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಕಳವಾ ಊರಿನ ತನ್ನ ಎರಡು ಕೋಣೆಯ ಮನೆಗೆ ತಂದ. ಹೆಂಡತಿ ಮೋಹಿನಿ ಚೀಲದೊಳಗೆ ಇಣುಕಿದಳು.

"ಎಂತ ಇದು? ಚಂದ ಉಂಟಲ್ಲ!"

ಆಟಿ ತಿಂಗಳು. ಊರವರು ಅಶುಭವೆನ್ನುವ ಈ ತಿಂಗಳಲ್ಲಿ ಬೂದಿ ಕುಡಿಕೆ ಎಂದರೆ ಮೋಹಿನಿ ಚೀಲದ ಜೊತೆ ಅವನನ್ನೂ ಹೊರಗೆ ನಿಲ್ಲಿಸುವವಳು. "ಮಾಜಿವಾಡಾದ ಶೆಡ್ತಿಯವರದ್ದು. ಭಾನುವಾರ ಕೊಡ್ಲಿಕ್ಕುಂಟು," ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ಶನಿವಾರ ಬೆಳಿಗ್ಗೆ ಐರೋಲಿಯ ಒಂದು ಮನೆಗೆ ಕಟಕಟೆ ಕೂರಿಸಲು ಹೋದವನು ಬಂದು ಉಂಡು ಮಲಗಿದ. ಭಾನುವಾರ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿ, ಕಪಾಟಿನ ಮೇಲಿನ ಚೀಲಕ್ಕೆ ಕೈಹಾಕಿದ. ಚೀಲ ಖಾಲಿ.

"ಮೋಹಿನೀ, ಆ ಕುಡಿಕೆ ಎಲ್ಲಿ?"

"ಮರಿಗೆಯಾ? ಒಲೆ ಹತ್ತಿರ ಉಂಟು."

ಒಲೆಯ ಹತ್ತಿರ, ಮೆಣಸಿನ ಡಬ್ಬಕ್ಕೂ ಹುಣಸೆಹುಳಿಯ ಭರಣಿಗೂ ನಡುವೆ, ವಿನೋದಕ್ಕನ ಕುಡಿಕೆ ತನ್ನ ಮನೆಯಲ್ಲೇ ಇರುವಂತೆ ಕೂತಿತ್ತು. ಸರ್ವೋತ್ತಮ ಎತ್ತಿದ. ಭಾರ. ಮುಚ್ಚಳ ತೆಗೆದ. ಕುತ್ತಿಗೆಯವರೆಗೆ ಕಲ್ಲುಪ್ಪು.

"ಇದೆಂತ ಮಾಡಿದ್ದೀ ನೀನು!"

"ಎಂತ ಮಾಡಿದ್ದೇನೆ? ಪ್ಲಾಸ್ಟಿಕ್ ಡಬ್ಬದಲ್ಲಿ ಉಪ್ಪು ಮಳೆಗೆ ನೀರಾಗಿ ಹೋಗ್ತಾ ಉಂಟು ಅಂತ ಒಂದು ತಿಂಗಳಿಂದ ಬೊಬ್ಬೆ ಹಾಕ್ತಾ ಇದ್ದೇನೆ, ನಿಮ್ಮ ಕಿವಿಗೆ ಬಿತ್ತಾ? ಹಲಸಿನ ಮರದ್ದು, ಮುಚ್ಚಳ ಇರುವಂಥದ್ದು. ಉಪ್ಪಿನ ಮರಿಗೆ ಅಲ್ಲದೆ ಮತ್ತೆಂತದು? ಅಮ್ಮನ ಮನೆಯಲ್ಲಿ ಇದೇ ಮರದ್ದೇ ಇದ್ದದ್ದು. ಹೊಸ ಮರಿಗೆ ಕೊಡುವ ಮೊದಲು ಎರಡು ದಿನ ಉಪ್ಪು ಹಾಕಿ ಪಳಗಿಸಿ ಕೊಟ್ರೆ ಶೆಡ್ತಿಯವರಿಗೂ ಒಳ್ಳೆಯದೇ ಅಂತ ಹಾಕಿದೆ."

"ಅದು ಮರಿಗೆ ಅಲ್ಲ ಮಾರಾಯ್ತೀ. ಬೂದಿ ಕುಡಿಕೆ!"

ಮೋಹಿನಿಯ ಕೈಯಲ್ಲಿದ್ದ ಸೌಟು ಗಾಳಿಯಲ್ಲೇ ನಿಂತಿತು. "ಯಾರ ಬೂದಿ?"

"ಯಾರದ್ದೂ ಅಲ್ಲ. ಆ ಹೆಂಗಸು ಬದುಕಿದ್ದಾರೆ. ಇನ್ನು ಮೇಲೆ ಹಾಕ್ಲಿಕ್ಕೆ."

"ನಿನ್ನೆಯಿಂದ ಈ ಉಪ್ಪಿನದ್ದೇ ಸಾರು ಉಂಡಿದ್ದೀರಿ. ಎರಡು ಸಲ ಕೇಳಿ ಬಡಿಸಿಕೊಂಡಿದ್ದೀರಿ. ಆಟಿ ತಿಂಗಳಲ್ಲಿ ಅಂಥದ್ದನ್ನು ಒಳಗೆ ತಂದು, ಶೆಡ್ತಿಯವರದ್ದು ಅಂತ ಹೇಳಿ... ನಾಲಿಗೆ ಇಲ್ವಾ ನಿಮಗೆ? ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕು?" ಎಂದು ಶುರು ಮಾಡಿದವಳು ಅವನು ರಿಕ್ಷಾ ಹತ್ತುವವರೆಗೂ ನಿಲ್ಲಿಸಲಿಲ್ಲ.

ಉಪ್ಪು ಸುರಿದು, ಒಣಬಟ್ಟೆಯಲ್ಲಿ ಎಂಟು ಸಲ ಒರೆಸಿದ್ದ. ಹೊರಗಿನ ಅರಗಿಗೆ ಏನೂ ಆಗಿರಲಿಲ್ಲ. ಒಳಗೆ ಮಾತ್ರ ಮರ ಬರಿಯದು, ಕುಡಿಯುವಷ್ಟು ಉಪ್ಪು ಕುಡಿದಿತ್ತು. ಹೇಳಲೋ ಬೇಡವೋ ಎಂದು ಖಾಡಿಯ ಸೇತುವೆಯ ಮೇಲಿನ ಟ್ರಾಫಿಕ್ಕಿನಲ್ಲಿ ಕೂತು ಯೋಚಿಸಿದ. ಹೇಳದಿದ್ದರೆ ನಾಳೆ ಆ ಹೆಂಗಸು ಸಮಾಧಾನದಿಂದ ಆಸ್ಪತ್ರೆಗೆ ಹೋಗುತ್ತಾರೆ. ಒಳಗೆ ಇಣುಕಿ ನೋಡುವವರು ಯಾರು? ಹೇಳುವುದು ಬೇಡ ಎಂದೇ ನಿಶ್ಚಯಿಸಿ ಮಾಜಿವಾಡಾದಲ್ಲಿ ಇಳಿದ.

ನಾಲ್ಕನೆಯ ಮಹಡಿಯ ಫ್ಲಾಟಿನಲ್ಲಿ ಕೀರ್ತನ ಬಾಗಿಲು ತೆಗೆದ. ಹಾಲ್‌ನ ಮೂಲೆಯಲ್ಲಿ ಆಸ್ಪತ್ರೆಗೆ ಕಟ್ಟಿಟ್ಟ ಬ್ಯಾಗು. ಸೋಫಾದಲ್ಲಿ ವಿನೋದಕ್ಕ, ಮಡಿಲಲ್ಲಿ ಅದೇ ಮದುವೆ ಸೀರೆ. ಕುಡಿಕೆಯನ್ನು ಅಂಚಿನ ಪಕ್ಕ ಹಿಡಿದು ನೋಡಿದರು. ಬಹಳ ಹೊತ್ತು ನೋಡಿದರು. ಬಣ್ಣ ಅದೇ.

"ಲಾಯ್ಕ ಆಗಿದೆ," ಎಂದರು. ಸರ್ವೋತ್ತಮ ಕಾದ. 'ಆದ್ರೆ' ಬರಲಿಲ್ಲ. ಬದಲಿಗೆ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ, ನಲವತ್ತು ವರ್ಷ ಹೋಟೆಲಿನ ಸಾಂಬಾರಿನ ರುಚಿ ನೋಡಿದ ಅಭ್ಯಾಸದಂತೆ ಬೆರಳನ್ನು ನಾಲಿಗೆಗೆ ಹಚ್ಚಿದರು.

"ಉಪ್ಪು!"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಸರ್ವೋತ್ತಮ ಎಲ್ಲ ಹೇಳಿದ. ಸೋರುವ ತಗಡು, ಆಟಿ ತಿಂಗಳು, ಮೋಹಿನಿ, ಕಲ್ಲುಪ್ಪು, ಸಾರು. ಕೀರ್ತನ ಹಣೆಗೆ ಕೈಹೊತ್ತು ಗೋಡೆಗೆ ಒರಗಿದ.

"ಉಪ್ಪು ಹಾಕಿದ್ದರಲ್ಲಿ ಬೂದಿ ಹಾಕ್ಲಿಕ್ಕೆ ಆಗ್ತದಾ?" ವಿನೋದಕ್ಕ ಕುಡಿಕೆಯನ್ನು ಟೀಪಾಯಿಯ ಮೇಲಿಟ್ಟರು. "ಅದು ಅನ್ನದ ಪಾತ್ರೆ ಆಯ್ತು. ಬೇರೆ ಮಾಡಿ. ಕೀರ್ತನ್, ಡಾಕ್ಟ್ರಿಗೆ ಫೋನ್ ಮಾಡು. ನಾಳೆ ಇಲ್ಲ."

"ಮಮ್ಮೀ!"

ಎರಡು ತಿಂಗಳಿಂದ ಒಳಗೆ ಒತ್ತಿಟ್ಟದ್ದೆಲ್ಲ ಸರ್ವೋತ್ತಮನ ಬಾಯಿಗೆ ಬಂತು.

"ವಿನೋದಕ್ಕ, ಒಂದು ಮಾತು ಹೇಳ್ತೇನೆ, ಬೇಕಾದ್ರೆ ಬೈಯಿರಿ. ನಾನು ಚಿನ್ನದ್ದು ಮಾಡಿ ತಂದ್ರೂ ನೀವು ಬೇಡ ಅನ್ನುವವರು. ಹಳದಿ, ಕೆಂಪು, ನೇರಳೆ, ಪೂವಪ್ಪನ ಕುತ್ತಿಗೆ! ನಿಮಗೆ ಬೇಡದ್ದು ಬಣ್ಣ ಅಲ್ಲ, ತಾರೀಖು. ಎರಡು ಬೆರಳು ಸುಟ್ಟುಕೊಂಡಿದ್ದೇನೆ, ನೋಡಿ. ಮೂರನೇದು ಸುಡ್ಲಿಕ್ಕೆ ನನ್ನಿಂದ ಆಗುವುದಿಲ್ಲ."

ವಿನೋದಕ್ಕ ಸೀರೆಯ ಅಂಚನ್ನು ಮಡಚಿದರು, ಬಿಚ್ಚಿದರು.

"ಹೆದರಿಕೆ ಆಗ್ತದೆ ಆಚಾರ್ರೇ," ಎಂದರು. ಗಲ್ಲಾದವರೆಗೆ ಕೇಳುವ ಧ್ವನಿ ಸೋಫಾದಿಂದ ಈಚೆಗೆ ಕೇಳದಷ್ಟಾಗಿತ್ತು. "ಎದೆ ಕೊಯ್ತಾರೆ. ಎದ್ದೇಳದಿದ್ರೆ? ಇವನ ಕೈಯಲ್ಲಿ ಮತ್ತೆ ಎಂತ ಸಿಗ್ತದೋ. ಇಡ್ಲಿ ಹಿಟ್ಟಿನ ಬಾಲ್ದಿಯೋ."

ಕೀರ್ತನ ಬಂದು ಅಮ್ಮನ ಕಾಲ ಬಳಿ ನೆಲದ ಮೇಲೆ ಕೂತ. ಮಣ್ಣಿನ ಕುಡಿಕೆ ಒಡೆದ ಆ ದಿನದ ಬಗ್ಗೆ ಅವನು ಮೂರು ವರ್ಷದಲ್ಲಿ ಅಮ್ಮನ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಈಗ ಹಿಂದಿ ಬೆರೆಸದೆ ಕನ್ನಡದಲ್ಲೇ ಹೇಳಿದ. "ಕೈ ನಡುಗ್ತಾ ಇತ್ತಮ್ಮ. ಅದಕ್ಕೇ ಒಡೆದದ್ದು. ನಾನು ಬೇಕು ಅಂತ ಮಾಡ್ಲಿಲ್ಲ."

ವಿನೋದಕ್ಕ ಮಗನ ತಲೆಯ ಮೇಲೆ ಕೈಯಿಟ್ಟರು. ಸರ್ವೋತ್ತಮನಿಗೆ ತಾನು ಅಲ್ಲಿರಬಾರದಿತ್ತು ಅನ್ನಿಸಿತು. ಆದರೂ ಕೆಲಸ ಅರ್ಧಕ್ಕೆ ಬಿಟ್ಟು ಹೋಗುವ ಜಾತಿ ಅವನದಲ್ಲ.

"ಬೇರೆ ಮಾಡಿಕೊಡ್ತೇನೆ," ಎಂದ. "ಆದ್ರೆ ಫೋನಿನಲ್ಲಿ ಹೇಳಿದ್ದಕ್ಕೆ, ಮಗನ ಹತ್ತಿರ ಹೇಳಿ ಕಳಿಸಿದ್ದಕ್ಕೆ ಮಾಡುವುದಿಲ್ಲ. ಆಪರೇಷನ್ ಆಗಿ, ನೀವೇ ನನ್ನ ಗಾಳಾಕ್ಕೆ ಬಂದು, ಆ ಸ್ಟೂಲಿನಲ್ಲಿ ಕೂತು ಬಣ್ಣ ಹೇಳ್ಬೇಕು. ಅಲ್ಲಿಯವರೆಗೆ ಲೇತಿಗೆ ಮರವನ್ನೇ ಕೂರಿಸುವುದಿಲ್ಲ."

"ಬರ್ಲಿಕ್ಕೆ ಆಗದಿದ್ರೆ?"

"ಆಗದಿದ್ರೆ ಇದು ಉಂಟಲ್ಲ. ಗ್ರೀನ್ ಚಟ್ನಿಗಿಂತ ಉಪ್ಪಿನ ಮರಿಗೆ ಎಷ್ಟೋ ಲಾಯ್ಕ. ಬಣ್ಣವೂ ನಿಮ್ಮದೇ. ಎದ್ದು ಬಂದ್ರೆ ಇದು ನಿಮ್ಮ ಒಲೆ ಹತ್ತಿರ ಇರ್ತದೆ. ಎರಡರಲ್ಲಿ ಒಂದಕ್ಕೆ ಆಗ್ತದೆ, ವೇಸ್ಟ್ ಆಗುವುದಿಲ್ಲ."

ವಿನೋದಕ್ಕ ಕುಡಿಕೆಯನ್ನು ಮತ್ತೆ ಮಡಿಲಿಗೆ ತೆಗೆದುಕೊಂಡರು. ಮುಚ್ಚಳ ಹಾಕಿ ತೆಗೆದರು, 'ಪೊಕ್'. ಇನ್ನೊಮ್ಮೆ, 'ಪೊಕ್'. ಆಮೇಲೆ ನಗು ಬಂತು. ನಗುತ್ತಾ ಉಸಿರು ಸಿಕ್ಕದೆ ಎದೆ ಹಿಡಿದುಕೊಂಡರು.

"ನಿಮ್ಮ ಹೆಂಡತಿ ಎರಡು ಸಲ ಬಡಿಸಿದ್ರಾ ಸಾರು?"

"ಎರಡು ಸಲ."

"ಕೀರ್ತನ್, ಅಡುಗೆಮನೆಯಿಂದ ಕಲ್ಲುಪ್ಪು ತಾ. ಪಳಗಿಸ್ಲಿಕ್ಕೆ ಹಾಕಿದ್ದನ್ನು ಅರ್ಧಕ್ಕೆ ಬಿಟ್ರೆ ಮರಿಗೆ ಹಾಳಾಗ್ತದೆ."

ಸೋಮವಾರ ಅಡ್ಮಿಟ್ ಆದರು. ಬುಧವಾರ ಮಧ್ಯಾಹ್ನ ಕೀರ್ತನನ ಫೋನು ಬಂದಾಗ ಸರ್ವೋತ್ತಮ ಉಳಿ ಸಾಣೆ ಹಿಡಿಯುತ್ತಿದ್ದ. "ಅಂಕಲ್, ಆಪರೇಷನ್ ಆಯ್ತು, ಮಮ್ಮಿಗೆ ಹೋಶ್ ಬಂತು, ಕಣ್ಣು ಬಿಟ್ಲು. ಫಸ್ಟ್ ಮಾತು ಏನು ಗೊತ್ತಾ? ಆಸ್ಪತ್ರೆ ಗಂಜಿಗೆ ಉಪ್ಪಿಲ್ಲ." ಸರ್ವೋತ್ತಮ ಫೋನಿಟ್ಟು, ಆ ದಿನ ಮತ್ತೆ ಲೇತು ಶುರು ಮಾಡದೆ ಬೇಗ ಮನೆಗೆ ಹೋದ. ಮೋಹಿನಿಗೆ ಸುದ್ದಿ ಹೇಳಿದ. ಅವಳು, "ಹಾಗಾದ್ರೆ ನನ್ನ ಮರಿಗೆ ಯಾವಾಗ ಮಾಡುವುದು?" ಎಂದಳು.

ಸೆಪ್ಟೆಂಬರಿನ ಕೊನೆಗೆ, ಮಂಗಳವಾರವೇ, ಗಾಳಾದ ಮುಂದೆ ರಿಕ್ಷಾ ನಿಂತಿತು. ವಿನೋದಕ್ಕ ಸಣ್ಣಗಾಗಿದ್ದರು. ಬಾಗಿಲ ಚೌಕಟ್ಟು ಹಿಡಿಯದೆ ನೇರ ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಸರ್ವೋತ್ತಮ ಕೈ ಒರೆಸಿಕೊಂಡು ಎದ್ದ. ಎದುರಿಗೆ ಮೋಹಿನಿಯ ಮರಿಗೆಗೆಂದು ತೆಗೆದಿಟ್ಟ ಹಲಸಿನ ತುಂಡಿತ್ತು. ಇದೂ ಈಗ ಬೂದಿ ಕುಡಿಕೆಗೆ ಹೋಯಿತು ಎಂದುಕೊಂಡ.

"ಬಣ್ಣ ಯಾವುದು ಮಾಡುವಾ ವಿನೋದಕ್ಕ?"

"ಎಂತದ್ದಕ್ಕೆ? ಅದಕ್ಕೆಂತ ಅವಸರ? ಬರುವ ವರ್ಷ ನೋಡುವಾ." ಚೀಲದಿಂದ ಆ ನೇರಳೆ ಪಟ್ಟಿಯ ಕುಡಿಕೆಯನ್ನು ತೆಗೆದು ಅವನ ಎದುರು ಇಟ್ಟರು. "ಮೊದಲು ಇದನ್ನು ನೋಡಿ. ಮುಚ್ಚಳ ಮಳೆಗೆ ಉಬ್ಬಿ ಬಿಗಿದಿದೆ. ಸೊಸೆ ಎಳೆದು ಎಳೆದು ಉಗುರು ಮುರಿದುಕೊಂಡಳು. ಮೂರು ದಿನದಿಂದ ಮನೆಯಲ್ಲಿ ಸಪ್ಪೆ ಊಟ. ಎಂತ ಕೆಲಸ ಮಾಡಿದ್ದೀರಿ ನೀವು!"

ಸರ್ವೋತ್ತಮ ಕುಡಿಕೆಯನ್ನು ಮೊಣಕಾಲುಗಳ ನಡುವೆ ಹಿಡಿದು, ಒದ್ದೆ ಬಟ್ಟೆ ಸುತ್ತಿ, ಹಲ್ಲು ಕಚ್ಚಿ ತಿರುವಿದ. ಮುಚ್ಚಳ ಬಂತು, ಉಪ್ಪು ಅವನ ಲುಂಗಿಗೆಲ್ಲ ಚೆಲ್ಲಿತು. ಮುಚ್ಚಳವನ್ನು ಲೇತಿಗೆ ಕೂರಿಸಿ ಸ್ವಿಚ್ ಒತ್ತಿ, ಅಂಚಿನಿಂದ ಕೂದಲಿನಷ್ಟು ಮರ ತೆಗೆಯಲು ಉಳಿ ಹಿಡಿದ.

"ಲಾಯ್ಕ ಆಗ್ತಾ ಉಂಟು," ಎಂದರು ವಿನೋದಕ್ಕ, ಲೇತಿನ ಸದ್ದಿಗೂ ಮೇಲೆ ಕೇಳುವಂತೆ.

ಅವನ ಕೈ ನಿಂತಿತು.

"ಆದ್ರೆ ಈ ಮೊಗ್ಗು ಉಂಟಲ್ಲ, ಸ್ವಲ್ಪ ದೊಡ್ಡ ಆಯ್ತು. ಹೇಗೂ ಲೇತಿನಲ್ಲಿ ಉಂಟಲ್ಲ, ಇದನ್ನೂ ಒಮ್ಮೆ ನೋಡಿ."